ಮ್ಯಾನಿಫೋಲ್ಡ್ ಕಣಿವೆಯ ಹಳದಿ ರೈಲು

ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನಲ್ಲಿ ವಾಟರ್‌ಹೌಸಸ್ ಅಂತ ಒಂದು ಊರಿದೆ. ಅಲ್ಲಿಂದ ಹ್ಯೂಮ್ ಎಂಡ್ ಅನ್ನೋ ಇನ್ನೊಂದು ಸಣ್ಣ ಹಳ್ಳಿಗೆ ಎಂಟೂಕಾಲು ಮೈಲಿ. ಇವೆರಡರ ನಡುವೆ 1904ರಿಂದ 1934ರವರೆಗೆ ಒಂದು ಪುಟ್ಟ ರೈಲು ಓಡಾಡುತ್ತಿತ್ತು. ಲೀಕ್ ಆ್ಯಂಡ್ ಮ್ಯಾನಿಫೋಲ್ಡ್ ವ್ಯಾಲಿ ಲೈಟ್ ರೈಲ್ವೆ ಅಂತ ಅದರ ಹೆಸರು. ಹೆಸರು ಅಷ್ಟುದ್ದ, ದಾರಿ ಇಷ್ಟೇ. ಬದುಕಿದ್ದು ಮೂವತ್ತು ವರ್ಷಕ್ಕೂ ಸ್ವಲ್ಪ ಕಡಿಮೆ. ಮುಚ್ಚಿ ತೊಂಬತ್ತು ವರ್ಷ ದಾಟಿದೆ.

ಇಂಥ ಮುಚ್ಚಿಹೋದ ಮಾರ್ಗಗಳು ಈ ದೇಶದಲ್ಲಿ ಬೇಕಾದಷ್ಟಿವೆ. ನಾನು ಡರ್ಬಿಯ ಕಡೆ ಇರುವುದರಿಂದ ಯಾವ ದಿಕ್ಕಿಗೆ ಹೋದರೂ ಒಂದಲ್ಲ ಒಂದು ಕಾಣುತ್ತದೆ. ಹೊಲದ ನಡುವೆ ಸುಮ್ನೆ ನಿಂತ ಸೇತುವೆ, ಯಾರದ್ದೋ ಮನೆಯಾಗಿರುವ ಸ್ಟೇಷನ್ನು. ಆದರೆ ಮ್ಯಾನಿಫೋಲ್ಡ್ ಮಾರ್ಗದ ಮೇಲೆ ನನಗೆ ಬೇರೆ ಥರದ ಮಮತೆ. ಅದನ್ನು ಕಟ್ಟಿದ ಎಂಜಿನಿಯರ್ ಇದಕ್ಕೂ ಮೊದಲು ಅಂಥದ್ದೇ ಇನ್ನೊಂದು ಸಣ್ಣ ರೈಲನ್ನು ಕಟ್ಟಿದ್ದ. ಆ ರೈಲಿನಲ್ಲಿ ನಮ್ಮ ಆಯಿ ಪಂಢರಪುರಕ್ಕೆ ಹೋಗಿದ್ದಳು.

ಆ ಮನುಷ್ಯನ ಹೆಸರು ಎವರಾರ್ಡ್ ಕ್ಯಾಲ್ಥ್ರಾಪ್. 1857ರಲ್ಲಿ ಹುಟ್ಟಿದವನು. ಇಂಗ್ಲೆಂಡಿನಲ್ಲಿ ರೈಲ್ವೆ ಕೆಲಸ ಕಲಿತು, 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಕೆಲಸಕ್ಕೆ ಸೇರಲು ಭಾರತಕ್ಕೆ ಬಂದ. ದೊಡ್ಡ ರೈಲು ಮುಟ್ಟದ ಊರುಗಳಿಗೆ ಕಡಿಮೆ ಖರ್ಚಿನಲ್ಲಿ ಸಣ್ಣ ರೈಲು ಹೇಗೆ ಒಯ್ಯಬಹುದು ಅನ್ನೋದೇ ಅವನ ತಲೆಯಲ್ಲಿ ಸದಾ ಓಡುತ್ತಿದ್ದ ಯೋಚನೆ. ಅವನು ಕಂಡುಕೊಂಡ ಉಪಾಯ ಕೇಳಲು ಸರಳ. ಎರಡೂವರೆ ಅಡಿ ಗೇಜು, ಅಂದರೆ ಎರಡು ಕಂಬಿಗಳ ನಡುವೆ ಅಷ್ಟೇ ಅಂತರ. ಇಂಜಿನ್ ಆಗಲಿ, ಡಬ್ಬಿಯಾಗಲಿ, ಗೂಡ್ಸ್ ವ್ಯಾಗನ್ ಆಗಲಿ, ಯಾವುದರ ಒಂದು ಗಾಲಿ ಅಚ್ಚಿನ ಮೇಲೂ ಐದು ಟನ್ನಿಗಿಂತ ಜಾಸ್ತಿ ಭಾರ ಬೀಳಬಾರದು. ಭಾರವನ್ನು ಹೀಗೆ ಸಮನಾಗಿ ಹಂಚಿಬಿಟ್ಟರೆ ಹಗುರವಾದ ಕಂಬಿ ಸಾಕು, ಸೇತುವೆಗಳೂ ಹಗುರ, ಖರ್ಚೂ ಕಮ್ಮಿ. ಈ ಲೆಕ್ಕದ ಮೇಲೆ ಸೋಲಾಪುರ ಜಿಲ್ಲೆಯಲ್ಲಿ ಬಾರ್ಸಿ ಲೈಟ್ ರೈಲ್ವೆ ಎದ್ದಿತು. ಈಗ ಕುರ್ಡುವಾಡಿ ಅನ್ನೋ ಜಂಕ್ಷನ್‌ಗೆ ಆಗ ಬಾರ್ಸಿ ರೋಡ್ ಅನ್ನುತ್ತಿದ್ದರು. ಅಲ್ಲಿಂದ ಬಾರ್ಸಿ ಪೇಟೆಗೆ 1897ರಲ್ಲಿ ಮೊದಲ ಗಾಡಿ ಓಡಿತು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲೂ ಇಂಥದ್ದೇ ಮಾತು ನಡೆದಿತ್ತು. 1896ರಲ್ಲಿ ಲೈಟ್ ರೈಲ್ವೇಸ್ ಕಾಯ್ದೆ ಬಂತು. ಹಳ್ಳಿಗಾಡಿಗೆ ಹೋಗುವ ಸಣ್ಣ ಮಾರ್ಗಗಳಿಗೆ ದೊಡ್ಡ ಮಾರ್ಗಗಳ ನಿಯಮಗಳೆಲ್ಲ ಬೇಡ, ನಿಧಾನ ಓಡಲಿ, ಸಿಗ್ನಲ್ಲು ಗೇಟು ಕಮ್ಮಿ ಇರಲಿ ಅಂತ ಅದು ಸಡಿಲ ಕೊಟ್ಟಿತು. ಲೀಕ್ ಪಟ್ಟಣದ ಆಚೆಗಿನ ಬೆಟ್ಟಗಳ ರೈತರಿಗೆ ಹಾಲು, ಬೆಣ್ಣೆ, ಚೀಸ್ ಮಾರಲು ದಾರಿ ಇರಲಿಲ್ಲ. ಎಕ್ಟನ್ ಗುಡ್ಡದಲ್ಲಿ ಹಿಂದೆ ತುಂಬಾ ದೊಡ್ಡ ತಾಮ್ರದ ಗಣಿ ಇತ್ತು, 18ನೇ ಶತಮಾನದಲ್ಲಿ ಡೆವನ್‌ಶೈರ್ ಡ್ಯೂಕ್ ಮನೆತನಕ್ಕೆ ಹಣ ಸುರಿದ ಗಣಿ ಅದು. ರೈಲು ಬಂದರೆ ಅದೂ ಮತ್ತೆ ತೆರೆಯಬಹುದು ಅನ್ನೋ ಆಸೆ ಕೆಲವರಿಗೆ. 1899ರಲ್ಲಿ ಅಪ್ಪಣೆ ಸಿಕ್ಕಿತು. ಕ್ಯಾಲ್ಥ್ರಾಪ್‌ನನ್ನು ಕರೆಸಿದರು. ಬಾರ್ಸಿಯಲ್ಲಿ ಹಾಕಿದ ಅದೇ ಎರಡೂವರೆ ಅಡಿ ಗೇಜನ್ನು ಅವನು ಇಲ್ಲೂ ಹಾಕಿದ.

1904ರ ಜೂನ್ 27ಕ್ಕೆ ಉದ್ಘಾಟನೆ ಆಯಿತು. ಲೀಕ್‌ನಿಂದ ವಾಟರ್‌ಹೌಸಸ್‌ಗೆ ಬರಬೇಕಿದ್ದ ದೊಡ್ಡ ಗೇಜಿನ ಮಾರ್ಗ ಇನ್ನೂ ಮುಗಿದೇ ಇರಲಿಲ್ಲ. ಅದು ಬರಲು ಮತ್ತೊಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಜನ ಉಗಿಯಿಂದ ಓಡುವ ಬಸ್ಸಿನಲ್ಲಿ ಬಂದು ಈ ರೈಲು ಹತ್ತಬೇಕಿತ್ತು.

ಆಗಿನ ಫೋಟೋಗಳನ್ನು ನೋಡಿದರೆ ಭಾರತದವರಿಗೆ ತಟ್ಟನೆ ಗುರುತು ಸಿಗುತ್ತದೆ. ಲೀಡ್ಸ್‌ನ ಕಿಟ್ಸನ್ ಕಂಪನಿ ಎರಡು ಇಂಜಿನ್ ಮಾಡಿಕೊಟ್ಟಿತ್ತು. ಒಂದರ ಹೆಸರು ಇ. ಆರ್. ಕ್ಯಾಲ್ಥ್ರಾಪ್, ಇನ್ನೊಂದು ಜೆ. ಬಿ. ಅರ್ಲ್. ಅರ್ಲ್ ಅಂದರೆ ಸ್ಥಳದಲ್ಲೇ ನಿಂತು ಕೆಲಸ ಮಾಡಿಸಿದ ಎಂಜಿನಿಯರ್. ಬಾರ್ಸಿಯ ಇಂಜಿನ್‌ಗಳನ್ನು ಮಾಡಿದ್ದೂ ಅದೇ ಕಿಟ್ಸನ್ ಕಂಪನಿ. ಅದರ ನಕ್ಷೆಯಿಂದಲೇ ಇವೂ ಹುಟ್ಟಿಕೊಂಡಿದ್ದು. ಹಾಗಾಗಿ ಇಂಜಿನ್ನಿನ ಎದೆಯ ಮೇಲೆ ದೊಡ್ಡದೊಂದು ಹೆಡ್‌ಲೈಟ್. ಬೇಲಿಯಿಲ್ಲದ ಬಯಲಿನಲ್ಲಿ, ರಾತ್ರಿ ದನಕರು ಅಡ್ಡ ಬರುವ ಸೀಮೆಗೆ ಬೇಕಾದ ದೀಪ ಅದು. ಇಂಗ್ಲೆಂಡಿನ ಇಂಜಿನ್‌ಗಳ ಮೇಲೆ ಅಂಥ ದೀಪ ಇರುತ್ತಲೇ ಇರಲಿಲ್ಲ. ಇಂಜಿನ್ನಿನ ಹಿಂದಿನ ಡಬ್ಬಿಗಳ ಎರಡೂ ತುದಿಗೆ ಕಟಕಟೆ ಇದ್ದ ಜಗಲಿ. ಬಣ್ಣ ತಿಳಿ ಹಳದಿ. ಇಲ್ಲಿ ವಸಂತದಲ್ಲಿ ಬೇಲಿ ಬುಡದಲ್ಲಿ ಬಿಡುವ ಪ್ರಿಮ್‌ರೋಜ್ ಹೂವಿನ ಬಣ್ಣ. ಮೋಡ ಕವಿದ ಹಸಿರು ಕಣಿವೆಯಲ್ಲಿ ಆ ಹಳದಿ ಎಷ್ಟು ದೂರಕ್ಕೆ ಕಾಣುತ್ತಿತ್ತೋ! ಬಣ್ಣದ ಫೋಟೋ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಡೆಲ್ ಮಾಡುವವರು ಬಳಿದಿರುವ ಹಳದಿ ನೋಡಿಯೇ ಕಲ್ಪಿಸಿಕೊಳ್ಳಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರ ಟ್ರಾನ್ಸ್‌ಪೋರ್ಟರ್ ವ್ಯಾಗನ್. ಗೇಜ್ ಬದಲಾಗುವ ಜಾಗದಲ್ಲಿ ಏನಾಗುತ್ತದೆ ಅಂತ ನಮ್ಮಲ್ಲಿ ಹಳಬರಿಗೆ ಚೆನ್ನಾಗಿ ಗೊತ್ತು. ಒಂದು ಗಾಡಿಯಿಂದ ಮೂಟೆ ಇಳಿಸಬೇಕು, ಹೊರಬೇಕು, ಇನ್ನೊಂದಕ್ಕೆ ತುಂಬಬೇಕು. ಕೂಲಿ ಜಾಸ್ತಿ, ಒಡೆಯುವುದು ಚೆಲ್ಲುವುದು ಜಾಸ್ತಿ, ಹೊತ್ತೂ ಹೋಗುತ್ತದೆ. ಕ್ಯಾಲ್ಥ್ರಾಪ್ ಇದಕ್ಕೆ ಮಾಡಿದ ಉಪಾಯ ಹೀಗೆ. ನೆಲಕ್ಕೆ ತೀರಾ ಹತ್ತಿರವಾಗಿ ಓಡುವ ಒಂದು ಕಬ್ಬಿಣದ ಚೌಕಟ್ಟು, ಕೆಳಗೆ ಸಣ್ಣ ಗೇಜಿನ ಗಾಲಿ. ಚೌಕಟ್ಟಿನ ಮೇಲೆ ದೊಡ್ಡ ಗೇಜಿನ ಎರಡು ಪಟ್ಟಿ. ವಾಟರ್‌ಹೌಸಸ್‌ನಲ್ಲಿ ದೊಡ್ಡ ಗೇಜಿನ ಹಳಿ ಮುಗಿಯುವ ಕಡೆ ಈ ಚೌಕಟ್ಟನ್ನು ತಂದು ತುದಿಗೆ ತುದಿ ಕೂಡಿಸಿ ನಿಲ್ಲಿಸುತ್ತಿದ್ದರು. ದೊಡ್ಡ ವ್ಯಾಗನ್ನನ್ನು ಹಾಗೇ ತಳ್ಳಿ ಅದರ ಮೇಲೇರಿಸಿ, ಗಾಲಿ ಅಲುಗದಂತೆ ಬಿಗಿಯುತ್ತಿದ್ದರು. ಕಣಿವೆಯ ಸ್ಟೇಷನ್‌ಗಳಲ್ಲಿ ತುಂಡು ತುಂಡು ದೊಡ್ಡ ಗೇಜಿನ ಹಳಿ ಹಾಕಿಟ್ಟಿದ್ದರು, ಅದರ ಸುತ್ತ ದೊಡ್ಡ ಮಾರ್ಗ ಎಲ್ಲೂ ಇಲ್ಲ. ಅಲ್ಲಿ ವ್ಯಾಗನ್ನನ್ನು ಇಳಿಸಿ ಬಿಟ್ಟು ಹೋಗುವುದು. ರೈತರು ಸಾವಕಾಶವಾಗಿ ಕಲ್ಲಿದ್ದಲೋ ದನದ ಮೇವೋ ಇಳಿಸಿಕೊಳ್ಳುವುದು. ಬ್ರಿಟನ್ನಿನಲ್ಲಿ ಈ ಥರದ್ದು ಅದೇ ಮೊದಲು. ಎರಡೂವರೆ ಅಡಿ ಹಳಿಯ ಮೇಲೆ ಅದಕ್ಕಿಂತ ಎಷ್ಟೋ ಅಗಲದ ವ್ಯಾಗನ್ ಕೂತು ಹೋಗುತ್ತಿರುವ ಫೋಟೋ ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ. ಮೂಟೆ ಹೊರುವವರ ಬೆನ್ನನ್ನು ಹತ್ತಿರದಿಂದ ನೋಡಿದವರಿಗೆ ಹೊಳೆಯುವ ಉಪಾಯ ಅದು.

ಇಷ್ಟೆಲ್ಲ ಇದ್ದೂ ಅದು ಯಾಕೆ ನಡೆಯಲಿಲ್ಲ? ಕಣಿವೆಗೆ ಹೋಗಿ ನಿಂತರೆ ಉತ್ತರ ತಲೆಯೆತ್ತಿ ನೋಡುವಷ್ಟು ಹತ್ತಿರದಲ್ಲೇ ಇದೆ.

ಮಾರ್ಗ ಮೊದಲು ಹ್ಯಾಂಪ್ಸ್ ನದಿಯ ಜೊತೆ ಸಾಗುತ್ತದೆ, ಆಗಾಗ ಆ ನದಿಯನ್ನು ಆ ಕಡೆ ಈ ಕಡೆ ದಾಟುತ್ತಾ. ಬೀಸ್ಟನ್ ಟಾರ್ ಅನ್ನೋ ದೊಡ್ಡ ಬಂಡೆಯ ಹತ್ತಿರ ಮ್ಯಾನಿಫೋಲ್ಡ್ ನದಿ ಸಿಗುತ್ತದೆ. ಅಲ್ಲಿಂದ ಅದರ ದಂಡೆ ಹಿಡಿದು ಮೇಲಕ್ಕೆ. ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಗುಡ್ಡ. ಬೇಸಿಗೆಯಲ್ಲಿ ಹೋದರೆ ನದಿಯಲ್ಲಿ ನೀರೇ ಇರುವುದಿಲ್ಲ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರೆಲ್ಲ ನೆಲದೊಳಗೆ ಇಳಿದುಹೋಗಿ, ಕೆಳಗೆ ಐಲಂ ಹಳ್ಳಿಯ ಹತ್ತಿರ ಮತ್ತೆ ಮೇಲೆ ಬರುತ್ತದೆ. ಒಣಗಿದ ಪಾತ್ರದ ತುಂಬಾ ಅಗಲ ಎಲೆಯ ಗಿಡಗಳು. ಸೇತುವೆ ಮೇಲೆ ನಿಂತು ನೀರು ಎಲ್ಲಿ ಅಂತ ಹುಡುಕಬೇಕು.

ಸ್ಟೇಷನ್‌ಗಳೆಲ್ಲ ಈ ನದಿಯ ಪಕ್ಕ, ಕಣಿವೆಯ ತಳದಲ್ಲಿ. ಊರುಗಳು ಮಾತ್ರ ಗುಡ್ಡದ ನೆತ್ತಿಯ ಮೇಲೆ. ಗ್ರಿಂಡನ್ ಸ್ಟೇಷನ್ ಅಂತ ಬೋರ್ಡು ನೋಡಿ ಇಳಿದರೆ ಗ್ರಿಂಡನ್ ಊರು ಒಂದು ಮೈಲಿಗೂ ಆಚೆ, ಅದೂ ಏದುಸಿರು ಬಿಡಿಸುವ ಏರು. ಬಟರ್ಟನ್ ಕತೆಯೂ ಅದೇ, ವೆಟ್ಟನ್ ಕತೆಯೂ ಅದೇ. ರೈಲು ಹೋಗಲು ಸಮತಟ್ಟಾದ ದಾರಿ ಬೇಕು, ಅದು ಸಿಗುವುದು ನದಿ ದಂಡೆಯಲ್ಲಿ. ಜನ ಮನೆ ಕಟ್ಟಿಕೊಂಡಿದ್ದು ಬಿಸಿಲು ಬೀಳುವ, ಹೊಲ ಇರುವ ಮೇಲಿನ ಬಯಲಿನಲ್ಲಿ. ಮಳೆಯಲ್ಲಿ, ಹಿಮದಲ್ಲಿ, ಸಂತೆಯ ಚೀಲ ಹೊತ್ತು ಆ ಏರು ಹತ್ತುವುದು ಅಂದರೇನು ಅಂತ ಅಲ್ಲಿ ನಡೆದು ನೋಡಿದರೆ ತಿಳಿಯುತ್ತದೆ. ಗಂಟೆಗೆ ಹದಿನೈದು ಮೈಲಿಗಿಂತ ಜೋರಾಗಿ ಹೋಗುವಂತಿರಲಿಲ್ಲ ಬೇರೆ.

ಗಣಿ ಮತ್ತೆ ತೆರೆಯಲಿಲ್ಲ. ರಜಾ ದಿನಗಳಲ್ಲಿ ಮಾತ್ರ ಜಾತ್ರೆ. ಸ್ಟೋಕ್ ಕಡೆಯ ಪಿಂಗಾಣಿ ಕಾರ್ಖಾನೆಗಳ ಊರುಗಳಿಂದ ಜನ ಕಿಕ್ಕಿರಿದು ಬರುತ್ತಿದ್ದರು. ಥಾರ್ಸ್ ಕೇವ್ ಅಂತ ಒಂದು ಗುಹೆ ಇದೆ, ಕಣಿವೆಯ ಮೇಲೆ ಬಂಡೆಯಲ್ಲಿ ಬಾಯ್ತೆರೆದುಕೊಂಡಿದೆ, ಅದಕ್ಕೊಂದು ಸ್ಟೇಷನ್ನೇ ಇತ್ತು. ಹೊಗೆ ಕುಡಿದೇ ದಿನ ಕಳೆಯುವ ಮಕ್ಕಳಿಗೆ ಆ ಒಂದು ದಿನ ಎಂಥ ಹಬ್ಬವಾಗಿರಬೇಕು! ಆದರೆ ವರ್ಷಕ್ಕೆ ಕೆಲವು ಹಬ್ಬದಿಂದ ರೈಲ್ವೆ ನಡೆಯುವುದಿಲ್ಲ, ಅಲ್ವಾ?

ನಿಜವಾಗಿ ಅದನ್ನು ಬದುಕಿಸಿದ್ದು ಹಾಲು. ನಮ್ಮ ಡೇರಿ ಊರುಗಳಲ್ಲಿ ಬೆಳಗ್ಗೆ ಕ್ಯಾನು ಸಾಲಾಗಿ ನಿಲ್ಲುವ ಹಾಗೆ ಇಲ್ಲೂ ಪ್ರತಿ ಸ್ಟೇಷನ್‌ನಲ್ಲಿ ಹಾಲಿನ ಕ್ಯಾನುಗಳು ಗಾಡಿಗೆ ಕಾಯುತ್ತಿದ್ದವು. ಎಕ್ಟನ್‌ನಲ್ಲಿ ಒಂದು ಡೇರಿಯೂ ಬಂತು. ಅಲ್ಲಿಂದ ಲಂಡನ್ನಿಗೆ ಹಾಲು. ಮುಂದೆ ಹಾಲಿನ ಟ್ಯಾಂಕರ್ ವ್ಯಾಗನ್ನನ್ನೇ ಟ್ರಾನ್ಸ್‌ಪೋರ್ಟರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಈ ಗುಡ್ಡದ ಹಸು ಕೊಟ್ಟ ಹಾಲು ಮರುದಿನ ಲಂಡನ್ನಿನ ಚಹಾದಲ್ಲಿ. ಒಂದು ಸಣ್ಣ ಮಾರ್ಗ ಮಾಡಬೇಕಾದ ಕೆಲಸ ಅದಕ್ಕಿಂತ ಇನ್ನೇನು?

ಮೊದಲ ಮಹಾಯುದ್ಧ ಮುಗಿದ ಮೇಲೆ ಎಲ್ಲ ಬದಲಾಯಿತು. ಸೈನ್ಯಕ್ಕೆ ಬೇಡವಾದ ಲಾರಿಗಳು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಡ್ರೈವಿಂಗ್ ಕಲಿತು ಮನೆಗೆ ಬಂದ ಹುಡುಗರು ಅವನ್ನು ಕೊಂಡು ಬಾಡಿಗೆಗೆ ಬಿಟ್ಟರು. ಲಾರಿ ನೇರ ಹಟ್ಟಿಯ ಬಾಗಿಲಿಗೇ ಬರುತ್ತದೆ, ಬಸ್ಸು ಗುಡ್ಡದ ಮೇಲಿನ ಊರಿಗೇ ಬರುತ್ತದೆ. ಕಣಿವೆಗೆ ಇಳಿಯುವ ತಾಪತ್ರಯವೇ ಇಲ್ಲ. 1923ರಲ್ಲಿ ಈ ಮಾರ್ಗ ಲಂಡನ್ ಮಿಡ್‌ಲ್ಯಾಂಡ್ ಆ್ಯಂಡ್ ಸ್ಕಾಟಿಷ್ ಅನ್ನೋ ದೈತ್ಯ ಕಂಪನಿಯ ಪಾಲಾಯಿತು. ಅದರ ಸಾವಿರಾರು ಮೈಲಿಯ ಲೆಕ್ಕದಲ್ಲಿ ಈ ಎಂಟು ಮೈಲಿ ಎಷ್ಟರದ್ದು? 1930ರ ದಶಕದ ಶುರುವಿನಲ್ಲಿ ಎಕ್ಟನ್ ಡೇರಿ ಮುಚ್ಚಿತು. ಹಾಲು ಬೇರೆ ದಾರಿ ಹಿಡಿಯಿತು. 1934ರ ಮಾರ್ಚ್ 12ಕ್ಕೆ ಮಾರ್ಗ ಅಧಿಕೃತವಾಗಿ ಬಂದ್ ಆಯಿತು.

ಹಳ್ಳಿ ಮಾರ್ಗ ಮುಚ್ಚಿದ್ದು ಅಂದ ಕೂಡಲೇ ಇಲ್ಲಿ ಎಲ್ಲರ ಬಾಯಲ್ಲಿ ಬರುವ ಹೆಸರು ರಿಚರ್ಡ್ ಬೀಚಿಂಗ್. ನಷ್ಟದ ಮಾರ್ಗಗಳನ್ನು ಮುಚ್ಚಿ ಅಂದ ಅವರ ವರದಿ ಬಂದಿದ್ದು 1963ರಲ್ಲಿ. ಆಗ ನೂರಾರು ಮಾರ್ಗ ಹೋದವು, ನಿಜ. ಆದರೆ ಮ್ಯಾನಿಫೋಲ್ಡ್‌ನಂಥವು ಅದಕ್ಕೂ ಮೂವತ್ತು ವರ್ಷ ಮುಂಚೆಯೇ ಹೋಗಿದ್ದವು. ಅವನ್ನು ಒಬ್ಬ ಮನುಷ್ಯನ ವರದಿ ಕೊಲ್ಲಲಿಲ್ಲ. ಊರವರೇ ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಅದರಲ್ಲಿ ಅವರ ತಪ್ಪೂ ಇಲ್ಲ. ಏರು ಹತ್ತಿ ಸಾಕಾಗಿತ್ತು ಅವರಿಗೆ.

ಈಗ ಬಾರ್ಸಿಯ ಕಡೆ ನೋಡಿ. ಅದೇ ಎಂಜಿನಿಯರ್, ಅದೇ ಗೇಜು, ಅದೇ ಇಂಜಿನ್ ಕಾರ್ಖಾನೆ. ಆ ಮಾರ್ಗ ಬೆಳೆಯುತ್ತಾ ಹೋಯಿತು. ಒಂದು ಕಡೆ ಲಾತೂರಿಗೆ, ಇನ್ನೊಂದು ಕಡೆ ಪಂಢರಪುರಕ್ಕೆ, ಅಲ್ಲಿಂದ 1927ರಲ್ಲಿ ಮೀರಜ್‌ಗೆ. ಮೀರಜ್ ಮುಟ್ಟಿದ್ದೇ ತಡ, ಬೆಳಗಾವಿ, ಧಾರವಾಡ ಕಡೆಯವರಿಗೆಲ್ಲ ವಿಠ್ಠಲ ಹತ್ತಿರವಾದ. ಜಮಖಂಡಿ ಕಡೆಯ ನಮ್ಮ ಆಯಿ ಹೇಳುತ್ತಿದ್ದಳು: "ಕುಡಚಿಗೆ ಹೋಗಿ ದೊಡ್ಡ ಗಾಡಿ ಹತ್ತೂದು, ಮೀರಜದಾಗ ಇಳದು ಸಣ್ಣ ಗಾಡಿ. ಸಾವಕಾಶ ಹೋಗತಿತ್ತು. ಒಳಗ ಕುಂತವರೆಲ್ಲಾ ಭಜನಿ ಮಾಡತಿದ್ರು, ದಾರಿ ಹೋಗಿದ್ದ ಗೊತ್ತಾಗತಿದ್ದಿಲ್ಲ." ಆಷಾಢ ಏಕಾದಶಿಗೆ ಅವರೆಲ್ಲ ಹೋಗುವಾಗ ಡಬ್ಬಿಯ ಮೇಲೂ ಜನ ಕೂತಿರುತ್ತಿದ್ದರಂತೆ. ಟಿಕೆಟ್ಟಿಗಿಂತ ಬುತ್ತಿಯ ಗಂಟನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು ಆಯಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು.

ಆ ಮಾರ್ಗ ಖಾಸಗಿ ಕಂಪನಿಯ ಕೈಯಲ್ಲಿ 1954ರವರೆಗೆ ನಡೆಯಿತು, ಆಮೇಲೆ ಸರ್ಕಾರದ್ದಾಯಿತು. ಸಣ್ಣ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ್ದು ಈ ಶತಮಾನದಲ್ಲಿ. ಅಂದರೆ ನೂರು ವರ್ಷಕ್ಕೂ ಮೇಲೆ ಬಾಳಿತು. ಈಗ ಮೈಸೂರಿನಿಂದ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರ, ಸೋಲಾಪುರ ದಾಟಿ ಕುರ್ಡುವಾಡಿಯಿಂದ ಪಂಢರಪುರಕ್ಕೆ ತಿರುಗುತ್ತದಲ್ಲ, ಆ ಕೊನೆಯ ತುಂಡು ಹಿಂದೆ ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗಾಡಿ ಓಡಿದ ಹಾದಿ.

ಹಾಗಾಗಿ ಮ್ಯಾನಿಫೋಲ್ಡ್ ಸೋತಿದ್ದು ಕ್ಯಾಲ್ಥ್ರಾಪ್‌ನ ಲೆಕ್ಕ ತಪ್ಪಿದ್ದರಿಂದ ಅಂತ ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಬಾರ್ಸಿಯ ಮಾರ್ಗಕ್ಕೆ ಸಂತೆ ಇತ್ತು, ಹತ್ತಿ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹೋಗಲೇಬೇಕು ಅಂತ ಮನೆ ಬಿಟ್ಟು ಹೊರಟ ಜನ ಇದ್ದರು. ಮ್ಯಾನಿಫೋಲ್ಡ್ ಕಣಿವೆಯಲ್ಲಿ ಕೆಲವೇ ಊರು, ಅವೂ ಗುಡ್ಡದ ಮೇಲೆ. ಅಲ್ಲಿ ಜನರಿಗಿಂತ ಹಾಲಿನ ಕ್ಯಾನು ಜಾಸ್ತಿ ಓಡಾಡಿದವು. ಒಂದೇ ಕೈ ಮಾಡಿದ ಎರಡು ಮಾರ್ಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ತಿಳಿದಿದ್ದು ಇಷ್ಟು.

ಕ್ಯಾಲ್ಥ್ರಾಪ್‌ನ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1910ರಲ್ಲಿ ಅವನ ಗೆಳೆಯ ಚಾರ್ಲ್ಸ್ ರೋಲ್ಸ್, ರೋಲ್ಸ್ ರಾಯ್ಸ್ ಕಾರಿನ ಅದೇ ರೋಲ್ಸ್, ಬೋರ್ನ್‌ಮತ್‌ನಲ್ಲಿ ವಿಮಾನ ಬಿದ್ದು ಸತ್ತ. ಕ್ಯಾಲ್ಥ್ರಾಪ್ ಅದನ್ನು ಕಣ್ಣಾರೆ ಕಂಡ. ಆಮೇಲೆ ರೈಲು ಬದಿಗಿಟ್ಟು ವಿಮಾನದಿಂದ ಹಾರುವವರಿಗೆ ಪ್ಯಾರಾಶೂಟ್ ಮಾಡಲು ಕೂತ. ಅವನ ಪ್ಯಾರಾಶೂಟಿನ ಹೆಸರು ಗಾರ್ಡಿಯನ್ ಏಂಜಲ್. 1927ರಲ್ಲಿ ತೀರಿಕೊಂಡ. ಮೀರಜ್ ಮುಟ್ಟಿದ ವರ್ಷ ಅದು.

ಕಣಿವೆಯಲ್ಲಿ ಭಾರತದ ಇನ್ನೊಂದು ಎಳೆಯೂ ಇದೆ. ಎಕ್ಟನ್‌ಗೆ ಸ್ವಲ್ಪ ಮೊದಲು ಸ್ವೈನ್ಸ್‌ಲಿ ಹಾಲ್ ಅನ್ನೋ ದೊಡ್ಡ ಮನೆ. ಅದರಲ್ಲಿದ್ದವರು ಸರ್ ಥಾಮಸ್ ವಾರ್ಡಲ್, ಲೀಕ್‌ನ ರೇಷ್ಮೆ ಬಣ್ಣಗಾರ. ನಮ್ಮ ಟಸ್ಸರ್ ರೇಷ್ಮೆಗೆ ಬಣ್ಣ ಹಿಡಿಯುವಂತೆ ಮಾಡಲು ವರ್ಷಗಟ್ಟಲೆ ದುಡಿದವರು, ಅದಕ್ಕೆಂದೇ ಭಾರತಕ್ಕೂ ಬಂದಿದ್ದರು. ಮನೆಯ ಕಿಟಕಿಯಿಂದ ರೈಲು ಕಾಣಬಾರದು ಅಂತ ಅಲ್ಲಿ ಸುರಂಗ ಕೊರೆಸಿದರು ಅಂತ ಈಗಲೂ ಹೇಳುತ್ತಾರೆ. ಮಾರ್ಗದಲ್ಲಿ ಇದ್ದ ಒಂದೇ ಸುರಂಗ ಅದು. ಟ್ರಾನ್ಸ್‌ಪೋರ್ಟರ್ ಮೇಲೆ ಕೂತ ದೊಡ್ಡ ವ್ಯಾಗನ್ ಹಿಡಿಸಬೇಕಲ್ಲ, ಅದಕ್ಕೇ ಸಣ್ಣ ರೈಲಿನ ಸುರಂಗ ಆದರೂ ಒಳಗೆ ಹೋದರೆ ಅಗಲವಾಗಿದೆ, ಎತ್ತರವಾಗಿದೆ.

ಮಾರ್ಗ ಮುಚ್ಚಿದ ಮೇಲೆ ಕಂಬಿ ಕಿತ್ತರು. ಎರಡೂ ಇಂಜಿನ್ 1937ರಲ್ಲಿ ಗುಜರಿಗೆ ಹೋದವು. ಇದು ನನಗೆ ಬಹಳ ನೋವಿನ ವಿಷಯ. ಹಳೆಯ ರೈಲನ್ನು ಊರವರೇ ಸೇರಿ ಉಳಿಸಿಕೊಳ್ಳಬಹುದು ಅನ್ನೋದು ಆಗ ಯಾರ ತಲೆಗೂ ಬಂದಿರಲಿಲ್ಲ. ವೇಲ್ಸ್‌ನ ಟಾಲಿಲಿನ್ ಮಾರ್ಗವನ್ನು ಸ್ವಯಂಸೇವಕರು ಕೈಗೆತ್ತಿಕೊಂಡಿದ್ದು 1951ರಲ್ಲಿ. ಅದೇ ವೇಲ್ಸ್‌ನಲ್ಲಿ ವೆಲ್ಷ್‌ಪೂಲ್ ಕಡೆ ಇನ್ನೊಂದು ಎರಡೂವರೆ ಅಡಿಯ ಮಾರ್ಗ ಇದೆ, ಮ್ಯಾನಿಫೋಲ್ಡ್‌ಗಿಂತ ಒಂದು ವರ್ಷ ಮೊದಲು ಶುರುವಾಗಿದ್ದು. 1956ರವರೆಗೆ ಹೇಗೋ ಉಸಿರು ಹಿಡಿದಿತ್ತು, ಅಷ್ಟರಲ್ಲಿ ಕಾಲ ಬದಲಾಗಿತ್ತು, ಜನ ಉಳಿಸಿಕೊಂಡರು. ಈಗಲೂ ಓಡುತ್ತಿದೆ. ಇನ್ನು ಇಪ್ಪತ್ತು ವರ್ಷ ಹೇಗಾದರೂ ಎಳೆದಿದ್ದರೆ ಇವೂ ಉಳಿಯುತ್ತಿದ್ದವೇನೋ ಅಂತ ಅನ್ನಿಸದೇ ಇರುವುದಿಲ್ಲ.

ಆದರೆ ಆ ಹೊತ್ತಿನಲ್ಲೂ ಒಂದು ಒಳ್ಳೆಯ ಕೆಲಸ ಆಯಿತು. ಕಂಪನಿ ಹಳಿಯ ಜಾಗವನ್ನು ತುಂಡು ಮಾಡಿ ಮಾರಲಿಲ್ಲ. ಪೂರ್ತಿ ಜಾಗವನ್ನು ಸ್ಟ್ಯಾಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗೆ ಕೊಟ್ಟಿತು. ಕೌನ್ಸಿಲ್ 1937ರಲ್ಲಿ ಅದನ್ನು ನಡೆಯುವವರ ದಾರಿ ಮಾಡಿ ತೆರೆಯಿತು. ಮುಚ್ಚಿದ ರೈಲು ಮಾರ್ಗವನ್ನು ಹೀಗೆ ಜನಕ್ಕೆ ಬಿಟ್ಟುಕೊಟ್ಟಿದ್ದು ಈ ದೇಶದಲ್ಲಿ ತುಂಬಾ ಮೊದಲಿನದ್ದು. ಇವತ್ತು ಅದಕ್ಕೆ ಮ್ಯಾನಿಫೋಲ್ಡ್ ವೇ ಅನ್ನುತ್ತಾರೆ. ಡಾಂಬರು ಹಾಕಿದ ನುಣುಪಾದ ದಾರಿ. ರೈಲಿಗೆಂದು ಏರಿಳಿತ ಇಲ್ಲದಂತೆ ಮಾಡಿದ್ದು ಈಗ ವಯಸ್ಸಾದವರಿಗೆ, ಗಾಲಿಕುರ್ಚಿಯವರಿಗೆ, ಆಗತಾನೇ ಸೈಕಲ್ ಕಲಿತ ಮಕ್ಕಳಿಗೆ ಒದಗುತ್ತಿದೆ. ಅಂಥ ಕಡಿದಾದ ಗುಡ್ಡಗಾಡಿನಲ್ಲಿ ಗಾಲಿಕುರ್ಚಿ ಹೋಗುವ ದಾರಿ ಇನ್ನೆಲ್ಲಿ ಸಿಗುತ್ತದೆ ಹೇಳಿ? ರೈಲು ಓಡಿದ್ದಕ್ಕಿಂತ ಸುಮಾರು ಮೂರು ಪಟ್ಟು ಕಾಲ ಜನ ಅಲ್ಲಿ ನಡೆದಿದ್ದಾರೆ.

ಹೋಗುವ ಮನಸ್ಸಿದ್ದರೆ ವಾಟರ್‌ಹೌಸಸ್‌ನಿಂದ ಶುರು ಮಾಡಿ. ಅಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಮಳೆ ಬಿದ್ದ ಮೇಲೆ ಹೋದರೆ ನದಿಯಲ್ಲಿ ನೀರು ನೋಡಬಹುದು. ಥಾರ್ಸ್ ಕೇವ್ ಹತ್ತುವುದಿದ್ದರೆ ಗಟ್ಟಿ ಬೂಟು ಬೇಕು, ಒಳಗಿನ ಬಂಡೆ ಸವೆದು ನುಣುಪಾಗಿದೆ. ಮುಂದೆ ವೆಟ್ಟನ್ ಮಿಲ್‌ನಲ್ಲಿ ಚಹಾ ಸಿಗುತ್ತದೆ. ಆ ಸುತ್ತಿನಿಂದ ಸುರಂಗದವರೆಗೆ ದಾರಿಯಲ್ಲಿ ಕಾರುಗಳೂ ಬರುತ್ತವೆ. ಹಾಗಾಗಿ ಸುರಂಗದೊಳಗೆ ಸೈಕಲ್ಲಿನ ದೀಪ ಹಚ್ಚಿಕೊಳ್ಳಿ, ಮಕ್ಕಳನ್ನು ಎಡಬದಿಗೇ ಇಟ್ಟುಕೊಳ್ಳಿ. ಹ್ಯೂಮ್ ಎಂಡ್‌ನಲ್ಲಿ ಹಳೆಯ ಟಿಕೆಟ್ ಆಫೀಸು ಇನ್ನೂ ಇದೆ, ರೈಲಿನ ಕತೆ ಹೇಳುವ ಸಣ್ಣ ಪ್ರದರ್ಶನವೂ ಇದೆ. ಟ್ರಾನ್ಸ್‌ಪೋರ್ಟರ್ ವ್ಯಾಗನ್ನಿನ ಫೋಟೋ ಎಲ್ಲಿ ಕಂಡರೂ ನಿಂತು ನೋಡಿ, ಜೊತೆಗಿರುವ ಮಕ್ಕಳಿಗೂ ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಹೇಳಿ.